ಓರೆಗೆರೆ

ಅರ್ಜಿಯಲ್ಲಿ ಒಂದು ಚೌಕ ಉಂಟು, ಬೆಂಕಿಪೆಟ್ಟಿಗೆಯಷ್ಟು:
ಸಂಶೋಧನೆಯ ಆಸಕ್ತಿ.
ಮೂರು ಸಾಲು ಹಿಡಿಸುತ್ತದೆ. ನಾಲ್ಕನೆಯದು ಗೆರೆ ದಾಟುತ್ತದೆ.

ಅರ್ಜಿ ಚೀಲದಲ್ಲಿ, ನಾನು ಬಾಯಾರಿನ ಗುಡ್ಡೆಯಲ್ಲಿ,
ಸುರಂಗದ ಬಾಯಿಗೆ ಕುಕ್ಕರಗಾಲಲ್ಲಿ ಕೂತಿದ್ದೇನೆ.
ಮುರಕಲ್ಲಿನ ಹೊಟ್ಟೆಯೊಳಗೆ ತೊಂಬತ್ತು ಕೋಲು,
ಅಂಗಾರಜ್ಜ ಒಬ್ಬನೇ ಕೊರೆದದ್ದು, ನೀರಿಗೆಂದು.
ಒಂದು ಕೊಡ ತುಂಬಲಿಕ್ಕೆ ಒಂದು ಜಾವ ಬೇಕು.
ಬಾವಲಿಗಳು ಮಾತ್ರ ಧಾರಾಳ.

ಅಜ್ಜ ಮಂಗಳವಾರ ಹುಟ್ಟಿದವನು, ಅದಕ್ಕೇ ಅಂಗಾರ.
ತಮ್ಮ ತುಕ್ರ ಶುಕ್ರವಾರದವನು, ತಂಗಿ ಚನಿಯಾರು.
ಆ ಮನೆಯಲ್ಲಿ ಹೆಸರು ಹಿಡಿದು ಕರೆದರೆ ವಾರವೇ ಓ ಎನ್ನುತ್ತಿತ್ತು.
"ಒಳಗೆ ಹೋದ ಮೇಲೆ ವಾರವೂ ಇಲ್ಲ ಹೊತ್ತೂ ಇಲ್ಲ ಮಗಾ,
ಮೇಣದಬತ್ತಿ ಗೇಣುದ್ದ ಸುಟ್ಟರೆ ಗಂಜಿ ಹೊತ್ತು ಅಂತ ಲೆಕ್ಕ.
ಒಮ್ಮೆ ಮಧ್ಯಾಹ್ನ ಅಂತ ಹೊರಗೆ ಬಂದೆ, ನಕ್ಷತ್ರ ಇತ್ತು.
ನಮ್ಮವಳು ಬೈದದ್ದು ನೀನು ಕೇಳಬೇಕಿತ್ತು."

ಬಾವಲಿಗಳಿಗೆ ಬತ್ತಿ ಇಲ್ಲ.
ಸಂಜೆ ಆರಕ್ಕೆ ಒಂದೆರಡು ಬಾಯಿವರೆಗೆ ಹಾರಿ ಬಂದು
ಸಾರಿನ ಉಪ್ಪು ನೋಡಿದ ಹಾಗೆ ಬೆಳಕನ್ನು ತುಸು ನೋಡಿ
ಇನ್ನೂ ಆಗಲಿಲ್ಲವೆಂದು ಹಿಂದೆ ಹೋಗುತ್ತವೆ.
ಮತ್ತೆ ಬರುತ್ತವೆ. ಮತ್ತೆ.
ಆರೂ ನಲ್ವತ್ತಕ್ಕೆ ಎಲ್ಲವೂ ಒಟ್ಟಿಗೆ,
ನನ್ನ ಕಿವಿಯ ಪಕ್ಕದ ಗಾಳಿ ಹರಿದುಕೊಂಡು.

ಅವುಗಳಲ್ಲಿ ಒಂದನ್ನು, ಅನುಮತಿಯ ಕಾಗದ ಸಮೇತ,
ಲ್ಯಾಬಿನ ಕತ್ತಲೆ ಪೆಟ್ಟಿಗೆಯಲ್ಲಿಟ್ಟೆವು.
ಬೆಳಕೇ ತೋರಿಸದಿದ್ದರೂ ದಿನಾ ಎದ್ದಿತು,
ದಿನಕ್ಕೆ ಇಪ್ಪತ್ತೆರಡು ನಿಮಿಷ ತಡವಾಗಿ.
ಕಂಪ್ಯೂಟರಿನಲ್ಲಿ ದಿನದ ಕೆಳಗೆ ದಿನ ಜೋಡಿಸಿದರೆ
ಎಚ್ಚರದ ಕಪ್ಪು ಪಟ್ಟಿ ಓರೆಯಾಗಿ ಇಳಿಯುತ್ತದೆ,
ಮುಳಿಹುಲ್ಲಿನ ಮಾಡು ಇಳಿದ ಹಾಗೆ.
"ಏನು ಗೊತ್ತಾಯಿತು?" ಗೈಡ್ ಕೇಳಿದರು.
ಬಾಯಿ ಬಿಡಲಿಲ್ಲ. ಅದು ನನ್ನ ಅಕ್ಕ, ವಾರಿಜ.

ಹುಟ್ಟುವಾಗಲೇ ಕಣ್ಣಿಲ್ಲ ಅವಳಿಗೆ.
ಬೆರಳಿನ ಲೆಕ್ಕದಲ್ಲೇ ಬೀಡಿ ಕಟ್ಟುತ್ತಾಳೆ, ನನ್ನದಕ್ಕಿಂತ ಬಿಗಿ.
ಕೆಲವು ದಿನ ಎಲ್ಲರ ಹಾಗೆ. ಮತ್ತೆ ಕೆಲವು ದಿನ
ರಾತ್ರಿ ಎರಡಕ್ಕೆ ಕತ್ತರಿ ಕಚಕಚ, ಹಗಲು ಕರೆದರೂ ಏಳದ ನಿದ್ದೆ.
ಅಮ್ಮ ಕತ್ತರಿಯನ್ನು ಅಕ್ಕಿಡಬ್ಬದಲ್ಲಿ ಅಡಗಿಸಿದಳು.
ಕುಂಬಳೆಯ ಡಾಕ್ಟ್ರು ನಿದ್ದೆಮಾತ್ರೆ ಬರೆದರು,
ವಿಟ್ಲದ ಕಡೆಯ ಒಬ್ಬರು ನೂಲು ಮಂತ್ರಿಸಿ ಕೊಟ್ಟರು,
ಪಕ್ಕದ ನಫೀಸಾದ ಓದಿಸಿ ತಂದ ನೀರನ್ನೂ ಕುಡಿಸಿದೆವು.
ಹತ್ತು ಹನ್ನೆರಡು ದಿನಕ್ಕೆ ತನ್ನಷ್ಟಕ್ಕೇ ಸರಿಯಾಗುತ್ತಿತ್ತು;
ಮಾತ್ರೆಗೂ ನೂಲಿಗೂ ನೀರಿಗೂ ಹೆಸರು ಬಂತು.

ಆ ರಾತ್ರಿ ಕೊನೆಯ ಬಸ್ಸಿಳಿದು ಬಂದು ಬೀಡಿಪುಸ್ತಕ ತೆಗೆದೆ.
ಆರು ವರ್ಷದ ಲೆಕ್ಕ, ಬ್ರಾಂಚಿನವರ ನೀಲಿ ಸೀಲು ಸಮೇತ.
ಎಂಟುನೂರು, ಎಂಟುನೂರು, ಆರುನೂರು,
ಇನ್ನೂರು, ಸೊನ್ನೆ, ಸೊನ್ನೆ, ಮುನ್ನೂರು…
ಇಪ್ಪತ್ತನಾಲ್ಕು ದಿನಕ್ಕೊಮ್ಮೆ ಒಂದು ಗುಂಡಿ.
ಅಕ್ಕನ ದಿನಕ್ಕೆ ಇಪ್ಪತ್ತೈದು ಗಂಟೆ.
ಇಷ್ಟು ವರ್ಷ ನಾವು ಬೈದದ್ದು ಆ ಒಂದು ಗಂಟೆಗೆ.

ಹೇಳಿದೆ. ಎಲೆಗೆ ನೀರು ಚಿಮುಕಿಸುತ್ತಾ ಕೇಳಿದಳು:
"ಆ ಬಾವಲಿಗೂ ಹೀಗೆ ಬೈದರಾ?"

ಕಳೆದ ಆದಿತ್ಯವಾರ ಸುರಂಗಕ್ಕೆ ಕರಕೊಂಡು ಹೋದೆ.
ಒಳಗೆ ಅವಳು ಮುಂದೆ, ಅಂಗೈಯಲ್ಲಿ ಕಲ್ಲು ಸವರುತ್ತಾ,
ಟಾರ್ಚು ಹಿಡಿದು ಎಡವುತ್ತಾ ನಾನು ಹಿಂದೆ.
ಹೊರಗಿನಿಂದ ಅಂಗಾರಜ್ಜ ಕೂಗಿದ:
"ಹೊತ್ತು ಕೇಳಬೇಡಿ ಮಕ್ಕಳೇ, ನನಗೂ ಗೊತ್ತಿಲ್ಲ!"
ಅಕ್ಕ ನಕ್ಕದ್ದು ಒಳಗೆ ಮೂರು ಸಲ ಕೇಳಿತು.

ಕೊನೆಗೆ ಚೌಕದಲ್ಲಿ ಬರೆದದ್ದು ಇಷ್ಟು:
ಬೆಳಕಿನ ಸುಳಿವಿಲ್ಲದ ಪರಿಸರದಲ್ಲಿ
ಪ್ರಾಣಿಗಳ ದೈನಿಕ ಲಯ ಮತ್ತು ವರ್ತನೆ.
ಪೆನ್ನು ಮುಚ್ಚುವಾಗ ಮೂರು ಗಂಟೆ ಹತ್ತು ನಿಮಿಷ.
ಚಾವಡಿಯಲ್ಲಿ ಕಚಕಚ.
ಡಬ್ಬದಲ್ಲಿ ಈಗ ಅಕ್ಕಿ ಮಾತ್ರ.
ಗಂಟೆಯನ್ನು ಬರೆದುಕೊಳ್ಳಲಿಲ್ಲ. ಎದುರು ಕೂತು
ನೂಲು ಸುತ್ತಿದೆ.
ನನ್ನ ಕಟ್ಟು ಸಡಿಲ.
ಮುಟ್ಟಿ ನೋಡಿ, ಬಿಚ್ಚಿ,
ವಾಪಸು ಕೊಟ್ಟಳು.